ಬಾಗಿಲ ಕಡೆ ಮಲಗಿದವನು

ದೆವ್ವ, ಭೂತ ಅಂತ ಯಾರಾದರೂ ಶುರು ಮಾಡಿದರೆ ನಾನು ಮೂರೇ ಪ್ರಶ್ನೆ ಕೇಳುತ್ತಿದ್ದೆ. ನೀವೇ ಕಣ್ಣಾರೆ ನೋಡಿದಿರಾ? ಎಷ್ಟು ದೂರದಿಂದ? ಬೆಳಕು ಹೇಗಿತ್ತು? ಮೂರನೆಯದಕ್ಕೆ ಬರುವಷ್ಟರಲ್ಲಿ ಎದುರಿನವರು ತಡವರಿಸುತ್ತಿದ್ದರು. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ಜಂಬ ಅದು. ಈಗ ನೀವು ಅದನ್ನೇ ನನಗೆ ಕೇಳಿದರೆ ನನ್ನ ಉತ್ತರ: ಹೌದು, ಒಂದು ಮಾರು ದೂರದಿಂದ, ನಡುಹಗಲಿನ ಉರಿಬಿಸಿಲಲ್ಲಿ.

ಏಳೆಂಟು ವರ್ಷದ ಹಿಂದಿನ ಮಾತು. ಆಸ್ಟ್ರೇಲಿಯಾದಲ್ಲಿ, ಬ್ರಿಸ್ಬೇನ್‌ನ ರನ್‌ಕಾರ್ನ್ ಬಡಾವಣೆಯಲ್ಲಿ ಫಿಲೋಮಿನಾ ಆಂಟಿಯ ಮನೆಯಲ್ಲಿ ಬಾಡಿಗೆಗಿದ್ದೆ. ಆಂಟಿ ಉಡುಪಿ ಕಡೆಯವರು, ಮಸ್ಕತ್‌ನಲ್ಲಿ ಬಹಳ ವರ್ಷ ಇದ್ದು ಬಂದವರು. ಪಕ್ಕದ ಕೋಣೆಗೆ ಬರಾಕಾ ಬಂದ. ತಾಂಜಾನಿಯಾದವನು. ತಂದೆತಾಯಿ ಕಪ್ಪು, ಇವನದು ಸುಣ್ಣದ ಬಿಳುಪು, ಒಣಹುಲ್ಲಿನ ಬಣ್ಣದ ಕೂದಲು. ಆಲ್ಬಿನಿಸಂ. ಕಣ್ಣಗುಡ್ಡೆಗಳು ಒಂದು ಕ್ಷಣವೂ ನಿಲ್ಲದೆ ಅದುರುತ್ತಿದ್ದವು. ಬಸ್ಸಿನ ನಂಬರ್ ನಾನೇ ಓದಿ ಹೇಳಬೇಕಿತ್ತು.

"ಇದು ತೊನ್ನಾ ಮಾರಾಯ್ತಿ?" ಆಂಟಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ತೊನ್ನಲ್ಲ ಆಂಟಿ. ಹುಟ್ಟಿನಿಂದಲೇ ಮೈಗೆ ಬಣ್ಣ ಇರಲ್ಲ."

"ನನ್ನ ವಿಷಯ ತಾನೇ?" ಬರಾಕಾ ನಕ್ಕ. "ಹೇಳು ಅವರಿಗೆ, ಕರೆಂಟ್ ಹೋದ್ರೆ ನನ್ನನ್ನೇ ಹಾಲ್‌ನಲ್ಲಿ ನಿಲ್ಲಿಸಬಹುದು ಅಂತ."

ಅವನೂ ಅವನ ಅಣ್ಣನೂ ಹೀಗೇ ಹುಟ್ಟಿದವರು. ಇಂಥವರ ಮೂಳೆಯಿಂದ ಅದೃಷ್ಟ ಬರುತ್ತದೆಂದು ನಂಬಿದ ಕೆಲವರು ಒಂದು ರಾತ್ರಿ ಮನೆಗೆ ನುಗ್ಗಿ ಅಣ್ಣನನ್ನು ಎಳೆದೊಯ್ದರು. ದೇಹ ಸಿಗಲಿಲ್ಲ. ಆ ಊರಲ್ಲಿ ಒಂದು ಮಾತಿದೆಯಂತೆ: ಇವರು ಸಾಯುವುದಿಲ್ಲ, ಮಾಯವಾಗುತ್ತಾರೆ. ಎಷ್ಟೋ ವರ್ಷದ ಮೇಲೆ ಪೊಲೀಸರು ಹಿಡಿದವರು, ದೇಹವೇ ಇಲ್ಲದ್ದರಿಂದ, ಅದೇ ಮಾತಿನ ಮರೆಯಲ್ಲಿ ಪಾರಾಗುವ ಹಾಗಿತ್ತು. ಅಣ್ಣ ಸತ್ತಿದ್ದಾನೆ ಅಂತ ಬರಾಕಾ ಪ್ರಮಾಣ ಮಾಡಿ ಬರೆದುಕೊಡಬೇಕಿತ್ತು. ಇಬ್ಬರೂ ಕೂತು ಬರೆದೆವು. ಮನುಷ್ಯ ಮಾಯವಾಗುವುದಿಲ್ಲ ಅಂತ ವಾದಿಸೋದು ನನಗೇನು ಕಷ್ಟ! ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಲು ಅವನು ಅಡಿಲೇಡ್‌ಗೆ ಹೋದ.

ಮರುದಿನ ಮಧ್ಯಾಹ್ನ ಪಕ್ಕದ ಬಡಾವಣೆ ಸನ್ನಿಬ್ಯಾಂಕ್‌ನ ಅಂಗಡಿಯಲ್ಲಿ ಕರಿಬೇವು ಕೊಂಡು ಬಸ್ ಸ್ಟಾಪಿಗೆ ಬಂದರೆ ಬರಾಕಾ ನಿಂತಿದ್ದ. ಟೋಪಿ ಇಲ್ಲ, ಅರ್ಧ ತೋಳಿನ ಅಂಗಿ. ಅವನ ಚರ್ಮದ ಮೇಲೆ ಬೊಬ್ಬೆ ಏಳೋಕೆ ಆ ಬಿಸಿಲು ಹತ್ತು ನಿಮಿಷ ಸಾಕು.

"ಏಯ್, ತಲೆ ಕೆಟ್ಟಿದ್ಯಾ? ಯಾವಾಗ ಬಂದೆ?" ಅಂತ ಬೈದೆ.

ತಿರುಗಿದ. ಕಣ್ಣುಗಳು ಅದುರುತ್ತಿರಲಿಲ್ಲ. ನೆಟ್ಟ ನೋಟದಿಂದ ನನ್ನನ್ನು ನೋಡಿ ಕೇಳಿದ: "ಈಗ ಬಾಗಿಲ ಕಡೆ ಯಾರು ಮಲಗ್ತಾರೆ?"

ಮಾತು ಅರ್ಥವಾಯಿತು. ಯಾವ ಭಾಷೆಯಲ್ಲಿ ಕೇಳಿದ ಅನ್ನುವುದು ಮಾತ್ರ ಇವತ್ತಿಗೂ ನೆನಪಿಗೆ ಬರುವುದಿಲ್ಲ. ಅಷ್ಟರಲ್ಲಿ ಬಸ್ ಬಂತು, ನಮ್ಮಿಬ್ಬರ ನಡುವೆ ಜನ ಇಳಿದರು. ಅವರು ಸರಿದಾಗ ಅಲ್ಲಿ ಯಾರೂ ಇರಲಿಲ್ಲ. ಬರಾಕಾಗೆ ಫೋನ್ ಮಾಡಿದೆ. ಅವನು ಅಡಿಲೇಡ್‌ನ ವಕೀಲರ ಆಫೀಸಿನಲ್ಲೇ ಕೂತಿದ್ದ. ಹಿಂದಿನಿಂದ ಅವರ ದನಿಯೂ ಕೇಳಿಸಿತು.

ಅಂಥವನೇ ಇನ್ನೊಬ್ಬ ಇರಬಹುದು. ಬಿಸಿಲಿಗೆ ನನಗೇ ತಲೆ ತಿರುಗಿರಬಹುದು. ಎರಡನ್ನೂ ಒಪ್ಪಲು ತಯಾರಿದ್ದೆ. ಆದರೆ ಅವನು ವಾಪಸ್ ಬಂದ ಸಂಜೆ, ತಡೆಯಲಾಗದೆ, ಆ ಪ್ರಶ್ನೆಯನ್ನು ಹೇಳಿಬಿಟ್ಟೆ. ಬರಾಕಾ ಅಡುಗೆಮನೆಯ ನೆಲದ ಮೇಲೇ ಕುಸಿದು ಕೂತ.

"ನಮ್ಮಿಬ್ಬರಿಗೆ ಒಂದೇ ಚಾಪೆ. ಒಂದು ರಾತ್ರಿ ಬಾಗಿಲ ಕಡೆ ಅವನು, ಒಂದು ರಾತ್ರಿ ನಾನು. ಅವತ್ತು ನನ್ನ ಸರದಿ. ಭಯ ಆಗ್ತಿದೆ ಅಂದೆ. ಅಣ್ಣ ಜಾಗ ಬದಲಾಯಿಸಿದ. ಇದನ್ನ ಅಮ್ಮನಿಗೂ ಹೇಳಿಲ್ಲ ನಾನು."

ತಲೆ ಎತ್ತಿದ. "ನೀನೇ ಹೇಳು. ಅವನು ಸತ್ತಿದ್ದಾನೆ ಅಂತ ನಾನು ಸಹಿ ಹಾಕಬಹುದಾ?"

"ಹಾಕು," ಅಂದೆ. "ಸತ್ತಿದ್ದಾನೆ. ಅವರು ಕೊಂದಿದ್ದಾರೆ." ದನಿ ನಡುಗಲಿಲ್ಲ, ವೇದಿಕೆಯ ಅಭ್ಯಾಸ. ಮರುದಿನ ಅವನು ಸಹಿ ಹಾಕಿ ಕಳಿಸಿದ.

ಅವನು ಸತ್ತಿದ್ದಾನೆ ಅನ್ನುವ ಮಾತನ್ನು ಇವತ್ತೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಆ ಬಸ್ ಸ್ಟಾಪಿನಲ್ಲಿ ನಾನು ಬೈದದ್ದು ಯಾರನ್ನು, ನನಗೆ ಗೊತ್ತಿಲ್ಲ.