ಅಂಗೈಯಲ್ಲಿ ಪರೀಕ್ಷಿಸಿದ ಸಿಹಿ ವೈನ್

ದೇವನಹಳ್ಳಿ ಸಮೀಪದ ಒಂದು ಇಗರ್ಜಿಯ ದ್ರಾಕ್ಷಿತೋಟ ನೋಡಿಕೊಳ್ಳುತ್ತಿದ್ದ ಚಿಕ್ಕವೆಂಕಟಪ್ಪ, ಹೆಂಡ ನಾಲಿಗೆಗೆ ತಾಗಿಸುವುದಿಲ್ಲವೆಂದು ತಿರುಪತಿಯಲ್ಲಿ ಆಣೆಯಿಟ್ಟವನು. ಆದರೂ ಅಲ್ಲಿ ಪೂಜೆಗೆ ಬಳಸುವ ಸಿಹಿ ವೈನಿನ ಗುಣ ನಿರ್ಣಯಿಸುವವನು ಅವನೇ. ನಾಲ್ಕು ಹನಿಗಳನ್ನು ಅಂಗೈಯಲ್ಲಿ ಉಜ್ಜಿ, ಬೆಲ್ಲದ ಪಾಕದಂತೆ ಅಂಟುತ್ತದೆಯೇ ಎಂದು ನೋಡಿ, ಮೂಸಿ ಹೇಳುತ್ತಿದ್ದನು.

1943ರ ಮಾರ್ಚ್ 27ರಂದು ಹಿಂಡಿದ ರಸದ ಪೀಪಾಯಿಯನ್ನು ಅದೇ ವರ್ಷದ ಡಿಸೆಂಬರ್ 11, ಶನಿವಾರ ಬೆಳಗ್ಗೆ ತೆರೆದರು. ಯುದ್ಧದ ದೆಸೆಯಿಂದ ಹಡಗಿನಲ್ಲಿ ಸೀಮೆಯ ವೈನ್ ಬರುವುದು ನಿಂತಿತ್ತು. ಇದೂ ಕೆಟ್ಟಿದ್ದರೆ ಕ್ರಿಸ್‌ಮಸ್ ಪೂಜೆಗೆ ಬೇರೆ ಗತಿಯಿರಲಿಲ್ಲ. ಬೆಳಗಿನ ಪೂಜೆಗಾಗಿ ಉಪವಾಸವಿದ್ದ ಪಾದ್ರಿಗಳು ತಾವೇ ರುಚಿ ನೋಡುವಂತಿರಲಿಲ್ಲ.

ಅಂಗೈ ಮೂಸಿದ ಚಿಕ್ಕವೆಂಕಟಪ್ಪನ ಮುಖ ಬಿಳಿಚಿತು. "ಹುಳಿ ಹೊಡೀತೈತೆ ಸ್ವಾಮಿ" ಎಂದನು.

ಬಳ್ಳಿ ಕಟ್ಟುತ್ತಿದ್ದ ಹೆಂಡತಿ ಮಾರಕ್ಕ ಬಂದು ಅವನ ಕೈ ಮೂಸಿ ನಕ್ಕುಬಿಟ್ಟಳು. "ಎತ್ತಿಗೆ ಹುಳಿತ ಕಲಗಚ್ಚು ಕಲಸಿದ ಕೈ ಇದೇ ಅಲ್ವಾ? ಅದನ್ನ ತಂದು ವೈನಿನ ತಲೆಗೆ ಕಟ್ತೀಯಲ್ಲಯ್ಯಾ!"

ಅವನು ಸೀಗೆಪುಡಿಯಿಂದ ಎರಡು ಸಲ ಕೈ ತೊಳೆದು ಮತ್ತೆ ಹನಿ ಹಾಕಿಸಿಕೊಂಡನು. ಬೆರಳುಗಳು ಒಂದಕ್ಕೊಂದು ಅಂಟಿದವು. ಮಾಗಿದ ದ್ರಾಕ್ಷಿಯ ಪರಿಮಳವಲ್ಲದೆ ಬೇರೇನೂ ಬರಲಿಲ್ಲ.

"ಹೋದ್ವರ್ಷದ್ದಕ್ಕಿಂತ ಒಂದು ಕೈ ಮೇಲು ಸ್ವಾಮಿ" ಎಂದವನೇ, ಪೀಪಾಯಿಗೆ ಒರಗಿ ಕುಳಿತು ನೀಳವಾಗಿ ಉಸಿರು ಬಿಟ್ಟನು.