ಬ್ಯಾರನ್ನಿನೊಳಗೆ ಉಸಿರಾಡುವ ಎಲೆ

ಕಟ್ಟೆಮಳಲವಾಡಿಯಲ್ಲಿ ನನ್ನ ತಮ್ಮನಿಗೆ ಒಂದು ಬ್ಯಾರನ್ ಇದೆ. ಹೊಗೆಸೊಪ್ಪನ್ನು ಕಾವಿನಲ್ಲಿ ಬೇಯಿಸಿ ಒಣಗಿಸುವ, ಕಿಟಕಿ ಕಡಿಮೆ, ಗೋಡೆ ಎತ್ತರದ ಮನೆ. ಸೊಪ್ಪು ಮುರಿಯುವ ಕಾಲಕ್ಕೆ ನಾನು ಹುಣಸೂರಿನಿಂದ ಹೋಗಿ ಅಲ್ಲೇ ಇದ್ದುಬಿಡುತ್ತೇನೆ. ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರ ಜೊತೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈ ಸಲ ನಮ್ಮ ಪಕ್ಕದಲ್ಲಿ ತಮ್ಮನ ಮಗಳೂ ಕೂತಿದ್ದಳು. ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು. ಎರಡು ಕಡೆ ಸಂಶೋಧನೆಗೆ ಕರೆದಿದ್ದರು. ಒಂದು, ಅವಳು ಓದಿದ ವಿದ್ಯೆಯದೇ ಲ್ಯಾಬು. ಫ್ಲಾಸ್ಕಿನಲ್ಲಿ ಕುದಿಸಿ, ಬೆರೆಸಿ ಹೊಸ ಅಣು ಕಟ್ಟುವುದು. ಇನ್ನೊಂದು ಜೀವಶಾಸ್ತ್ರದವರದು, ಜೀವಕೋಶದೊಳಗಿನ ಕಿಣ್ವಗಳ ಕೈಲಿ ಅಣು ಕಟ್ಟಿಸುವುದು. ಸೋಮವಾರ ಮೈಸೂರಿಗೆ ಹೋಗಿ ಯಾವುದಕ್ಕೆ ಸೇರುತ್ತೇನೆಂದು ಹೇಳಬೇಕು. ಹುಡುಗಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

"ಅತ್ತೆ, ನಮ್ಮ ಸಬ್ಜೆಕ್ಟಿನ ಕಾಲ ಮುಗೀತು ಅಂತಾರೆ ಎಲ್ಲ," ಅಂದಳು. "ಯಾವ ಅಣು ಬೇಕಾದ್ರೂ ಮಾಡಬಹುದು ಅನ್ನೋದನ್ನ ಹಿಂದಿನವರೇ ತೋರಿಸಿಬಿಟ್ಟವ್ರೆ. ಹೆಂಗೆ ಮಾಡ್ಬೇಕು ಅಂತ ದಾರೀನ ಈಗ ಕಂಪ್ಯೂಟರ್ರೇ ಹೇಳುತ್ತೆ. ಒಂದು ಚಿಟಿಕೆ ಔಷಧಿ ಮಾಡಕ್ಕೆ ಬಕೆಟ್ ತುಂಬ ಕೊಳಕು ನೀರು ಚೆಲ್ತೀವಿ. ಆ ಕಿಣ್ವದವರ ಕಡೆ ಹೋದ್ರೆ, ಇಷ್ಟು ವರ್ಷ ಕಲಿತದ್ದೆಲ್ಲ ಗಂಟು ಕಟ್ಟಿ ಎಸೆದಂಗೆ."

ಎದುರಿಗಿದ್ದ ಹೆಂಗಸು ದಾರ ಬಿಗಿಯುತ್ತಾ, "ಅದ್ಯಾವ ಅಣುನೋ ಕಾಣೆ ಕಣವ್ವ. ಮೊದ್ಲು ಆ ಕಡ್ಡಿ ನೆಟ್ಟಗೆ ಕಟ್ಟು, ಸೊಪ್ಪೆಲ್ಲ ಜಾರ್ತಾ ಅವೆ!" ಎಂದಳು. ಎಲ್ಲರೂ ನಕ್ಕೆವು. ಹುಡುಗಿಯೂ ನಕ್ಕಳು, ಆದರೆ ಅರ್ಧಕ್ಕೇ ನಿಲ್ಲಿಸಿದಳು.

ಬ್ಯಾರನ್ ತುಂಬಿ ಬೆಂಕಿ ಹಾಕಿದರು. ಮೊದಮೊದಲು ಬರೀ ಬೆಚ್ಚಗಿರಬೇಕು; ಎಲೆ ನಿಧಾನವಾಗಿ ಹಳದಿ ತಿರುಗಬೇಕು. ಪೂರ್ತಿ ತಿರುಗಿದ ಮೇಲೆ ಕಾವು ಏರಿಸಿ ಒಣಗಿಸುವುದು. ನಮ್ಮವ್ವ ಇದಕ್ಕೆ ಹದ ಅನ್ನುತ್ತಿದ್ದಳು. ಬಾಣಂತಿಯ ನೀರಿಗೂ, ರಾಗಿ ಹಿಟ್ಟಿಗೂ, ಬ್ಯಾರನ್ನಿಗೂ ಅವಳಿಗೆ ಅದೊಂದೇ ಮಾತು.

ನನ್ನ ತಮ್ಮ ಹದ ಬಲ್ಲವನೇ. ಆದರೆ ಸೋಮವಾರ ಮಗಳ ಜೊತೆ ತಾನೂ ಮೈಸೂರಿಗೆ ಹೋಗಬೇಕೆಂದು ಅವನ ಆಸೆ. ಅದಕ್ಕೆ ಮುಂಚೆ ಬ್ಯಾರನ್ನಿನ ಸೊಪ್ಪು ಇಳಿಸಿಬಿಡಬೇಕು. ಸಣ್ಣ ಕಿಟಕಿಯಲ್ಲಿ ಇಣುಕಿ ನೋಡಿದ; ಕೆಳಗಿನ ಸಾಲು ಹಳದಿಯಾಗಿತ್ತು. ಮೇಲಿನದೂ ಆಗಿರುತ್ತದೆ ಬಿಡು ಅಂದುಕೊಂಡು ಒಲೆಗೆ ಸೌದೆ ತುರುಕಿದ.

ಶನಿವಾರ ಬಾಗಿಲು ತೆಗೆದಾಗ ಕೆಳಗಿನ ಸೊಪ್ಪು ಚಿನ್ನದ ಹಾಗೆ ಇತ್ತು. ಮೇಲಿನ ಸಾಲುಗಳು ಹಸಿರಾಗಿಯೇ ಒಣಗಿ ಗರಿಗರಿ ಅನ್ನುತ್ತಿದ್ದವು. ಹಾಗೆ ನಿಂತ ಹಸಿರು ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ.

ತಮ್ಮ ಜಗುಲಿ ಮೇಲೆ ಕುಕ್ಕರಿಸಿದ. "ಕೈಯಾರೆ ಕೆಡಿಸ್ಬುಟ್ಟೆ ಕಣಕ್ಕ."

ಹುಡುಗಿ ಬ್ಯಾರನ್ನಿನೊಳಗೆ ಹೋದಳು. ಒಂದು ಹಸಿರು ಎಲೆ, ಒಂದು ಹಳದಿ ಎಲೆ ತಂದಳು. ಎರಡರಿಂದಲೂ ಚೂರು ಕತ್ತರಿಸಿ ಕುದಿಯುವ ನೀರಿಗೆ ಹಾಕಿ ತೆಗೆದಳು. ತಮ್ಮನ ಕಾಲಿನ ಗಾಯಕ್ಕೆಂದು ತಂದಿದ್ದ ಸ್ಪಿರಿಟ್ಟನ್ನು ಲೋಟಕ್ಕೆ ಬಗ್ಗಿಸಿ, ಒಲೆಯಿಂದ ದೂರ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಚೂರುಗಳನ್ನು ಅದರಲ್ಲಿ ನೆನೆಹಾಕಿದಳು. ಬಣ್ಣ ಬಿಟ್ಟು ಅವು ಪೇಲವವಾದವು. ಆಮೇಲೆ ತಟ್ಟೆಯಲ್ಲಿ ಹರಡಿ, ಒಂದೊಂದರ ಮೇಲೂ ಟಿಂಚರ್ ಅಯೋಡಿನ್ ಬಿಟ್ಟಳು.

ಹಳದಿ ಎಲೆಯ ಚೂರು ಟಿಂಚರಿನ ಕಂದು ಬಣ್ಣಕ್ಕೇ ನಿಂತಿತು. ಹಸಿರು ಎಲೆಯದು ನಾವು ನೋಡುತ್ತಿದ್ದಂತೆ ಕಪ್ಪು ನೀಲಿಗೆ ತಿರುಗಿತು. ಕಡ್ಡಿಯಿಂದ ಸೊಪ್ಪು ಬಿಚ್ಚುತ್ತಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು.

"ಕಪ್ಪಾಗಿರೋದು ಗಂಜಿ, ಅಂದ್ರೆ ಪಿಷ್ಟ," ಅಂದಳು ಹುಡುಗಿ. "ಅಪ್ಪ, ಗಿಡದಿಂದ ಮುರಿದ ತಕ್ಷಣ ಎಲೆ ಸಾಯಲ್ಲ. ಬ್ಯಾರನ್ನಲ್ಲಿ ಹಳದಿ ತಿರುಗೋ ತನಕ ಜೀವ ಇರುತ್ತೆ, ಉಸಿರಾಡ್ತಾ ಇರುತ್ತೆ. ಅದರೊಳಗಿನ ಕಿಣ್ವಗಳು ಕೂಲಿಯವರಿದ್ದಂಗೆ. ಗಂಜೀನ ಒಡೆದು ಸಕ್ಕರೆ ಮಾಡ್ತವೆ, ಹಸಿರನ್ನ ಬಿಚ್ಚಿಹಾಕ್ತವೆ. ನೀನು ಕಾವು ಏರಿಸಿದ್ದಕ್ಕೆ ಮೇಲಿದ್ದ ಕೂಲಿಯವರೆಲ್ಲ ಅರ್ಧ ಕೆಲಸಕ್ಕೇ ಸತ್ತೋದ್ರು."

ನಾನು ಆ ಹಳದಿ ಎಲೆಯನ್ನು ಕೈಗೆತ್ತಿಕೊಂಡೆ. ಹುಟ್ಟಿದಾಗಿಂದ ನೋಡಿದ ಎಲೆ. ಮುರಿದು, ಕಟ್ಟಿ, ನೇತುಹಾಕಿ, ಒಣಗಿದ್ದಷ್ಟೇ ಅಂದುಕೊಂಡಿದ್ದೆ. ತಾಯಿಗಿಡದಿಂದ ಬೇರೆಯಾದ ಮೇಲೂ, ಆ ಕತ್ತಲೆ ಮನೆಯಲ್ಲಿ ತಲೆಕೆಳಗಾಗಿ ನೇತಾಡುತ್ತಾ, ತನ್ನನ್ನೇ ಸಿಹಿ ಮಾಡಿಕೊಳ್ಳುತ್ತಿತ್ತಂತೆ!

"ಈ ಗಂಜೀನ ಲ್ಯಾಬಲ್ಲಿ ಒಡೀಬೇಕು ಅಂದ್ರೆ ನಾನು ಆಸಿಡ್ ಹಾಕಿ ಕುದಿಸ್ತೀನಿ ಅತ್ತೆ," ಅಂದಳು, ದನಿ ತಗ್ಗಿಸಿ. "ಈ ಎಲೆ ಬರೀ ಬೆಚ್ಚಗೆ ಇದ್ಕೊಂಡು ಮಾಡುತ್ತೆ. ಒಂದು ತೊಟ್ಟು ಕೊಳಕು ಚೆಲ್ಲಲ್ಲ. ಹೊಗೆಸೊಪ್ಪಿನ ವಿಷಾನೂ ಅಷ್ಟೇ, ಬೇರಲ್ಲಿ ತಯಾರಾಗಿ ಎಲೆಗೆ ಏರುತ್ತೆ. ಹುಳ ಓಡಿಸಕ್ಕೆ ಅಂತ ಗಿಡ ಮಾಡ್ಕೊಂಡಿದ್ದು, ನಮ್ಮ ನರದೊಳಗೂ ಬೀಗಕ್ಕೆ ಕೀಲಿ ಕೂತಂಗೆ ಕೂರುತ್ತೆ. ಮಣ್ಣಲ್ಲಿರೋ ಬೇರಿಗೆ ಇಂಥ ಕೆಮಿಸ್ಟ್ರಿ ಯಾರು ಹೇಳಿಕೊಟ್ರು?"

ತಟ್ಟೆಯಲ್ಲಿದ್ದ ಕಪ್ಪು ಚೂರನ್ನು ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ನಾನೇ ಕೇಳಿದೆ, "ಸೋಮವಾರ ಏನು ಹೇಳ್ತೀಯೆ?"

"ಕಿಣ್ವದವರ ಹತ್ರನೇ ಹೋಗ್ತೀನಿ. ಆದ್ರೆ ಕಲಿತಿದ್ದು ಎಸೆಯಲ್ಲ ಅತ್ತೆ. ಅಣುವಿನ ಯಾವ ಕಟ್ಟು ಎಲ್ಲಿ ಬಿಚ್ಚುತ್ತೆ ಅಂತ ಗೊತ್ತಿಲ್ಲದವರು ಈ ಕೂಲಿಯವರಿಗೆ ಏನಂತ ಕೆಲಸ ಹೇಳ್ತಾರೆ? ಎಲೆ ಎಂದೂ ಮಾಡದ ಔಷಧೀನೂ ಇವರ ಕೈಲಿ ಮಾಡಿಸಬಹುದು. ನನ್ನ ಫ್ಲಾಸ್ಕಿಗೇ ಇವರನ್ನ ಕರ್ಕೊಂಡು ಬರ್ತೀನಿ."

ಅವತ್ತು ರಾಗಿಮುದ್ದೆ ಎರಡನೇ ಸಲ ಹಾಕಿಸಿಕೊಂಡಳು.

ಹೊಲದಲ್ಲಿ ಮುಂದಿನ ಸೊಪ್ಪು ಬಲಿತು ಕಾಯುತ್ತಿತ್ತು. ಭಾನುವಾರವೇ ಮುರಿದು ಬ್ಯಾರನ್ ತುಂಬಿದರು. ಸೋಮವಾರ ಬೆಳಿಗ್ಗೆ ಹುಡುಗಿ ಬ್ಯಾಗು ಹಿಡಿದು ಹೊರಟು ನಿಂತಳು. ತಮ್ಮ ಇಸ್ತ್ರಿ ಮಾಡಿಸಿಟ್ಟ ಅಂಗಿ ಗೂಟದಲ್ಲೇ ಇತ್ತು. ಅವನು ಒಲೆಯ ಮುಂದೆ ಕೂತು ಒಂದೊಂದೇ ಸೌದೆ ಇಡುತ್ತಿದ್ದ, ಮಲಗಿದ ಮಗುವಿಗೆ ಎಚ್ಚರವಾದೀತು ಅನ್ನುವ ಹಾಗೆ.

"ಬರಲ್ವಾ ಅಪ್ಪ?"

"ಅತ್ತೇನ ಕರ್ಕೊಂಡು ಹೋಗಿ ಬಾ ಮಗಾ," ಅಂದ, ಕಿಟಕಿಯತ್ತ ಕಣ್ಣು ಇಟ್ಟುಕೊಂಡೇ. "ಒಳಗೆ ಇನ್ನೂ ಜೀವ ಐತೆ. ನಾನೆಂಗೆ ಬುಟ್ಟು ಬರ್ಲಿ?"