ಅಕ್ಕಿ ಡ್ರಮ್ಮಿನ ಕಡೆ ಕ್ಯಾಮೆರಾ

ಪಕ್ಕದ ಬೀದಿಯಲ್ಲಿ ಕಳ್ಳತನವಾಯಿತು ಅಂತ ಹೆದರಿ, ತಮಿಳುನಾಡಿನ ಅನ್ನೂರಿನ ನೇಕಾರರ ಮನೆಯವರೊಬ್ಬರು ಕ್ಯಾಮೆರಾ ಹಾಕಲು ನನ್ನನ್ನು ಕರೆಸಿದ್ದರು. ಅವರು ತಮಿಳಿನಲ್ಲಿ ಮಾತಾಡಿಸಿದರು, ನಾನೂ ತಮಿಳಿನಲ್ಲೇ ಉತ್ತರ ಕೊಟ್ಟೆ. ಏಣಿ ಹತ್ತುತ್ತಿದ್ದಂತೆ ಮನೆಯ ಅಜ್ಜಿ, ಮಗ್ಗದ ಮುಂದೆ ಕೂತಿದ್ದ ಸೊಸೆಗೆ ತಮಿಳು ರಾಗದ ಕನ್ನಡದಲ್ಲಿ ಕೂಗಿ ಹೇಳಿದರು: "ಅವನ್ನ ಅಡಿಗೆಮನೆಗೆ ಬಿಡಬೇಡ. ಒಡವೆ ಎಲ್ಲ ಅಕ್ಕಿ ಡ್ರಮ್ಮಲ್ಲಿದೆ."

ನಮ್ಮ ಮನೆಯಲ್ಲೂ ಹೊರಗಿನವರ ಮುಂದೆ ಗುಟ್ಟು ಹೇಳುವುದು ಕನ್ನಡದಲ್ಲೇ. ಆದರೂ ಕೆಲಸ ಅಂದ ಮೇಲೆ ಸರಿಯಾಗಿ ಮಾಡಬೇಕಲ್ಲ. ಕ್ಯಾಮೆರಾವನ್ನು ಅಡಿಗೆಮನೆ ಕಡೆ ತಿರುಗಿಸಿದೆ.

"ಬಾಗಿಲು ಬಿಟ್ಟು ಅಲ್ಲಿಗ್ಯಾಕೆ?" ಅಂತ ಅಜ್ಜಿ ತಮಿಳಿನಲ್ಲಿ ಕೇಳಿದರು.

"ಒಡವೆ ಅಲ್ಲೇ ಇದೆಯಲ್ಲ ಅಜ್ಜಿ" ಅಂದೆ, ಕನ್ನಡದಲ್ಲಿ.

ಮಗ್ಗ ನಿಂತಿತು. ಅಜ್ಜಿ ನನ್ನನ್ನು ಜಗಲಿಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡರು. ಒಳಗೆ ಡ್ರಮ್ಮಿನ ಮುಚ್ಚಳ ತೆಗೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅವರೇ ಕಾಫಿ ತಂದುಕೊಟ್ಟರು.

"ಕ್ಯಾಮೆರಾ ಅಲ್ಲೇ ಇರಲಿ ತಂಬಿ. ಈಗ ಡ್ರಮ್ಮಲ್ಲಿ ಬರೀ ಅಕ್ಕಿ ಇದೆ."

ಅಂದಿನಿಂದ ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ಒಮ್ಮೆ ಕೆಮ್ಮುತ್ತೇನೆ, ಕನ್ನಡದಲ್ಲಿ.